ಏಕಪದರ ಅರೆವಾಹಕಗಳಲ್ಲಿ ಎಕ್ಸೈಟಾನ್ ಮತ್ತು ಕಣಿವೆ ಧ್ರುವೀಕರಣ

ಮಾಲಿಬ್ಡಿನಮ್ ಡೈಸಲ್ಫೈಡಿನಂಥ ಪದರ ಹರಳುಗಳನ್ನು ಒಂದೇ ಪದರದ ದಪ್ಪಕ್ಕೆ ಇಳಿಸಿದಾಗ ಸಿಗುವ ಅರೆವಾಹಕ ಹಾಳೆಯಲ್ಲಿ ಎಲೆಕ್ಟ್ರಾನುಗಳು ನೆಲೆಸಲು ಸಮಾನ ಶಕ್ತಿಯ ಎರಡು ತಾಣಗಳಿರುತ್ತವೆ. ಶಕ್ತಿಯ ನಕ್ಷೆಯಲ್ಲಿ ತಗ್ಗುಗಳಾಗಿ ಕಾಣುವ ಇವನ್ನು ಕಣಿವೆಗಳೆಂದು ಕರೆಯುತ್ತಾರೆ. ಒಂದು ಕಣಿವೆಯಲ್ಲಿ ಇನ್ನೊಂದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳು ಅಥವಾ ಎಲೆಕ್ಟ್ರಾನ್–ರಂಧ್ರ ಜೋಡಿಗಳು (ರಂಧ್ರ ಎಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ತುಂಬಿರುವ ಸ್ಥಿತಿಯೇ ಕಣಿವೆ ಧ್ರುವೀಕರಣ. ಬೆಳಕು ಬಿದ್ದಾಗ ಹುಟ್ಟಿ, ಪರಸ್ಪರ ಆಕರ್ಷಣೆಯಿಂದ ಕೂಡಿಕೊಂಡೇ ಇರುವ ಎಲೆಕ್ಟ್ರಾನ್–ರಂಧ್ರ ಜೋಡಿಗೆ ಎಕ್ಸೈಟಾನ್ ಎಂದು ಹೆಸರು. ಈ ಹಾಳೆಗಳಲ್ಲಿ ಬೆಳಕನ್ನು ಹೀರುವುದೂ ಹೊರಸೂಸುವುದೂ ಬಹುಮಟ್ಟಿಗೆ ಎಕ್ಸೈಟಾನುಗಳೇ. ಆದ್ದರಿಂದ ಕಣಿವೆಯನ್ನು ಬೆಳಕಿನಿಂದ ತುಂಬುವುದೂ, ತುಂಬಿದ್ದನ್ನು ಬೆಳಕಿನಿಂದಲೇ ಓದುವುದೂ ಎಕ್ಸೈಟಾನಿನ ಮೂಲಕ ನಡೆಯಬೇಕು. ಕಣಿವೆಯ ಗುರುತನ್ನು ಅತಿ ಬೇಗ ಅಳಿಸಿಹಾಕುವುದೂ ಅದೇ ಎಕ್ಸೈಟಾನ್. 2012ರಿಂದ ಈಚೆಗೆ ಈ ಕ್ಷೇತ್ರದಲ್ಲಿ ನಡೆದಿರುವ ಕೆಲಸದ ದೊಡ್ಡ ಪಾಲು ಈ ಒಂದು ಇಕ್ಕಟ್ಟಿನ ಸುತ್ತಲೇ ನಡೆದಿದೆ. ಅದನ್ನು ಬಿಡಿಸುವುದರಲ್ಲಿ ಬೆಂಗಳೂರಿನ ಪ್ರಯೋಗಾಲಯಗಳ ಪಾಲೂ ಗಣನೀಯವಾಗಿದೆ.

ವಸ್ತುವಿನ ರಚನೆ

ಮಾಲಿಬ್ಡಿನಮ್ ಡೈಸಲ್ಫೈಡ್ ಹೊಸ ವಸ್ತುವೇನಲ್ಲ. ಮಾಲಿಬ್ಡಿನೈಟ್ ಎಂಬ ಖನಿಜದ ರೂಪದಲ್ಲಿ ನೆಲದಲ್ಲೇ ಸಿಗುತ್ತದೆ. ಟ್ರ್ಯಾಕ್ಟರು, ಲಾರಿಗಳ ಕೀಲುಗಳಿಗೆ ಹಾಕುವ ಒಂದು ಬಗೆಯ ಕಪ್ಪು ಗ್ರೀಸಿನಲ್ಲಿ ಬೆರೆಸುವುದು ಇದನ್ನೇ. ಅದರ ಜಾರುಗುಣಕ್ಕೆ ಕಾರಣ ಒಳಗಿನ ಪದರ ರಚನೆ. ಗಂಧಕದ ಎರಡು ಸಾಲುಗಳ ನಡುವೆ ಮಾಲಿಬ್ಡಿನಮ್ ಪರಮಾಣುಗಳ ಒಂದು ಸಾಲು ಸೇರಿದರೆ ಒಂದು ಪದರ. ಅದರ ದಪ್ಪ ಸುಮಾರು 0.65 ನ್ಯಾನೋಮೀಟರ್. ಪದರದೊಳಗಿನ ಬಂಧ ಗಟ್ಟಿ, ಪದರ ಪದರಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ ಸಡಿಲ. ಹೀಗಾಗಿ ಪದರಗಳು ಒಂದರ ಮೇಲೊಂದು ಸರಿಯುತ್ತವೆ, ಅಂಟುಪಟ್ಟಿ ಒತ್ತಿ ಎಳೆದರೆ ಎದ್ದೂ ಬರುತ್ತವೆ. ಟಂಗ್‌ಸ್ಟನ್ ಡೈಸಲ್ಫೈಡ್, ಮಾಲಿಬ್ಡಿನಮ್ ಡೈಸೆಲೆನೈಡ್, ಟಂಗ್‌ಸ್ಟನ್ ಡೈಸೆಲೆನೈಡ್‌ಗಳದೂ ಇದೇ ಕುಟುಂಬ.

ಮೇಲಿನಿಂದ ನೋಡಿದಾಗ ಪರಮಾಣುಗಳು ಷಟ್ಕೋನ ಜಾಲವಾಗಿ ಹರಡಿಕೊಂಡಿರುತ್ತವೆ. ಗ್ರಾಫೀನಿನದೂ ಷಟ್ಕೋನ ಜಾಲವೇ. ಆದರೆ ಅಲ್ಲಿ ಆರೂ ಮೂಲೆಗಳಲ್ಲಿ ಇಂಗಾಲವಿದ್ದರೆ ಇಲ್ಲಿ ಒಂದು ಬಿಟ್ಟು ಒಂದು ಮೂಲೆಯಲ್ಲಿ ಲೋಹ, ಉಳಿದವುಗಳಲ್ಲಿ ಗಂಧಕ. ಹಾಳೆಯನ್ನು ಅದರ ಸಮತಲದಲ್ಲೇ 180 ಡಿಗ್ರಿ ತಿರುಗಿಸಿದರೆ ಗ್ರಾಫೀನ್ ಮೊದಲಿನಂತೆಯೇ ಇರುತ್ತದೆ, ಇದು ಇರುವುದಿಲ್ಲ. ಲೋಹದ ಜಾಗಕ್ಕೆ ಗಂಧಕ ಬಂದಿರುತ್ತದೆ. ಕೇಂದ್ರ ಸಮ್ಮಿತಿ ಹೀಗೆ ತಪ್ಪಿರುವುದೇ ಮುಂದಿನ ಎಲ್ಲ ಸಂಗತಿಗಳಿಗೂ ತಳಹದಿ. ಸಹಜ ಹರಳಿನ ಕ್ರಮದಲ್ಲಿ ಎರಡು ಪದರಗಳು ಸೇರಿದಾಗ ಕೆಳಗಿನದು ಮೇಲಿನದಕ್ಕೆ ತಿರುವುಮುರುವಾಗಿ ಕೂತಿರುವುದರಿಂದ ಸಮ್ಮಿತಿ ಮರಳಿ ಬಂದುಬಿಡುತ್ತದೆ. ಏಕಪದರಕ್ಕೆ ಇಷ್ಟು ಬೆಲೆ ಬಂದದ್ದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ 2010ರಲ್ಲಿ ತಿಳಿಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕಿನ್ ಫಾಯ್ ಮಾಕ್, ಟೋನಿ ಹೈನ್ಜ್ ಮತ್ತು ಸಂಗಡಿಗರೂ, ಬರ್ಕ್‌ಲಿಯ ಆಂಡ್ರಿಯಾ ಸ್ಪ್ಲೆಂಡಿಯಾನಿ, ಫೆಂಗ್ ವಾಂಗ್ ಮತ್ತು ಸಂಗಡಿಗರೂ ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡರು. ದಪ್ಪ ಹರಳಿನಲ್ಲಿ ಪಟ್ಟಿ ಅಂತರ (ಎಲೆಕ್ಟ್ರಾನುಗಳು ತುಂಬಿರುವ ವೇಲೆನ್ಸಿ ಪಟ್ಟಿಗೂ ಅದರ ಮೇಲಿನ ಖಾಲಿ ಪಟ್ಟಿಗೂ ನಡುವಿನ ಶಕ್ತಿಯ ಅಂತರ) ಸುಮಾರು 1.29 ಎಲೆಕ್ಟ್ರಾನ್ ವೋಲ್ಟ್, ಅದೂ ಪರೋಕ್ಷ; ಎಂದರೆ ಎಲೆಕ್ಟ್ರಾನ್ ಮತ್ತು ರಂಧ್ರಗಳ ಸಂವೇಗ ಹೊಂದದ ಕಾರಣ ಅವು ಕೂಡಿ ಬೆಳಕಾಗುವುದು ಅಪರೂಪ. ಏಕಪದರದಲ್ಲಿ ಅಂತರ ನೇರವಾಗುತ್ತದೆ, ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕೆಂಪು ಬೆಳಕು ಹೊಮ್ಮುತ್ತದೆ. ಹೊಳೆಯುವ ದಕ್ಷತೆ ದಪ್ಪ ಹರಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಎಂದು ಕೊಲಂಬಿಯಾದವರು ಅಳೆದರು.

ಎಕ್ಸೈಟಾನ್

ಎಕ್ಸೈಟಾನಿನ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟವನು ರಷ್ಯಾದ ಯಾಕೊವ್ ಫ್ರೆಂಕೆಲ್. 1937ರಲ್ಲಿ ಗ್ರೆಗರಿ ವಾನಿಯರ್ ಅರೆವಾಹಕಗಳಿಗೆ ಹೊಂದುವ ರೂಪ ಕೊಟ್ಟ. ಗ್ಯಾಲಿಯಮ್ ಆರ್ಸೆನೈಡಿನಲ್ಲಿ ಈ ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ 4 ಮಿಲಿ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೋಣೆಯ ತಾಪಮಾನದ ಉಷ್ಣಶಕ್ತಿಯೇ ಸುಮಾರು 25 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇರುವಾಗ ಅಂಥ ಎಕ್ಸೈಟಾನ್ ಉಳಿಯುವುದು ಕಡುಚಳಿಯಲ್ಲಷ್ಟೇ. ಏಕಪದರ ಹಾಳೆಗಳ ಕಥೆ ಬೇರೆ. ಟಂಗ್‌ಸ್ಟನ್ ಡೈಸಲ್ಫೈಡಿನಲ್ಲಿ ಬಂಧನ ಶಕ್ತಿ ಸುಮಾರು 320 ಮಿಲಿ ಎಲೆಕ್ಟ್ರಾನ್ ವೋಲ್ಟ್ ಎಂದು 2014ರಲ್ಲಿ ಅಲೆಕ್ಸಿ ಚೆರ್ನಿಕೋವ್ ಮತ್ತು ಸಂಗಡಿಗರು ತೋರಿಸಿದರು. ಆದ್ದರಿಂದ ಮಾಮೂಲಿ ಕೋಣೆಯಲ್ಲೂ ಈ ಹಾಳೆ ಬೆಳಗುವುದು ಎಕ್ಸೈಟಾನಿನಿಂದಲೇ.

ಬಂಧನ ಇಷ್ಟು ಬಿಗಿಯಾಗಲು ಎರಡು ಕಾರಣಗಳಿವೆ. ಜೋಡಿ ಸಮತಲದಲ್ಲೇ ಸಿಕ್ಕಿಬಿದ್ದಿರುವುದರಿಂದ ಎಲೆಕ್ಟ್ರಾನಿಗೂ ರಂಧ್ರಕ್ಕೂ ದೂರ ಸರಿಯಲು ಜಾಗ ಕಡಿಮೆ. ಜೊತೆಗೆ, ಅವುಗಳ ನಡುವಿನ ವಿದ್ಯುತ್ ಬಲರೇಖೆಗಳ ಹೆಚ್ಚಿನ ಪಾಲು ಹಾಳೆಯಿಂದ ಹೊರಬಿದ್ದು ಸುತ್ತಲಿನ ಗಾಳಿಯಲ್ಲೋ ನಿರ್ವಾತದಲ್ಲೋ ಹಾದುಹೋಗುತ್ತದೆ. ಅಲ್ಲಿ ಸೆಳೆತವನ್ನು ತಗ್ಗಿಸುವ ವಸ್ತುವಿಲ್ಲ. ಎರಡನೆಯ ಕಾರಣದಿಂದ ಒಂದು ಪ್ರಯೋಜನವೂ ಸಿಕ್ಕಿದೆ. ಹಾಳೆಯ ಮೇಲೂ ಕೆಳಗೂ ಏನನ್ನು ಇಡುತ್ತೇವೆ ಎಂಬುದನ್ನು ಬದಲಿಸಿ ಎಕ್ಸೈಟಾನಿನ ಬಿಗಿಯನ್ನು ಹೆಚ್ಚುಕಡಿಮೆ ಮಾಡಬಹುದು. ದಪ್ಪ ಹರಳಿನಲ್ಲಿ ಇಂಥ ಹಿಡಿತ ಸಾಧ್ಯವೇ ಇಲ್ಲ.

ಎಕ್ಸೈಟಾನಿಗೆ ಇನ್ನೊಂದು ಎಲೆಕ್ಟ್ರಾನ್ ಅಂಟಿಕೊಂಡರೆ ಅದು ಟ್ರಯಾನ್. ಮಾಲಿಬ್ಡಿನಮ್ ಡೈಸಲ್ಫೈಡಿನಲ್ಲಿ ಇದನ್ನು 2013ರಲ್ಲಿ ಗುರುತಿಸಿದರು. ಅದರ ಬಂಧನ ಶಕ್ತಿ ಸುಮಾರು 20 ಮಿಲಿ ಎಲೆಕ್ಟ್ರಾನ್ ವೋಲ್ಟ್. ಟಂಗ್‌ಸ್ಟನ್ ಸಂಯುಕ್ತಗಳಲ್ಲಿ ಬೆಳಕು ಸೂಸದ ಕಪ್ಪು ಎಕ್ಸೈಟಾನಿನ ಶಕ್ತಿ ಬೆಳಗುವುದಕ್ಕಿಂತ ಕೆಳಗಿರುತ್ತದೆ. ತಣ್ಣಗಾದಷ್ಟೂ ಅವುಗಳ ಹೊಳಪು ಕುಗ್ಗುವುದು ಇದರಿಂದಲೇ.

ಕಣಿವೆಗೂ ಬೆಳಕಿಗೂ ಇರುವ ನಂಟು

ಷಟ್ಕೋನ ಹರಳಿನ ಸಂವೇಗ ನಕ್ಷೆಯೂ ಷಟ್ಕೋನವೇ. ಅದರ ಆರು ಮೂಲೆಗಳಲ್ಲಿ ಪಟ್ಟಿ ಅಂತರ ಅತಿ ಕಡಿಮೆ. ಹರಳಿನ ಪುನರಾವರ್ತನೆಯಿಂದ ಮೂರು ಮೂಲೆಗಳು ಒಂದಕ್ಕೊಂದು ಸಮ, ಉಳಿದ ಮೂರೂ ತಮ್ಮೊಳಗೆ ಸಮ. ಕೊನೆಗೆ ಉಳಿಯುವುದು ಎರಡೇ ಬೇರೆ ಬೇರೆ ಕಣಿವೆಗಳು. ಇವನ್ನು ಕೆ ಮತ್ತು ಕೆ-ಪ್ರೈಮ್ ಎಂದು ಗುರುತಿಸುತ್ತಾರೆ. ಕಾಲವನ್ನು ಹಿಂದುಮುಂದು ಮಾಡಿದರೆ ಒಂದು ಇನ್ನೊಂದಾಗುತ್ತದೆ. ಶಕ್ತಿ ಒಂದೇ, ಸುತ್ತುವ ದಿಕ್ಕು ಮಾತ್ರ ತಿರುವುಮುರುವು.

ಈ ಸುತ್ತುವ ದಿಕ್ಕು ಬೆಳಕಿಗೆ ಕಾಣುತ್ತದೆ. ವಿದ್ಯುತ್ ಕ್ಷೇತ್ರ ಸುತ್ತುತ್ತ ಸಾಗುವ ಬಲಸುರುಳಿ ಮತ್ತು ಎಡಸುರುಳಿ ಬೆಳಕಿನ ಫೋಟಾನುಗಳು ಪರಸ್ಪರ ವಿರುದ್ಧವಾದ ಕೋನೀಯ ಸಂವೇಗ ಹೊತ್ತಿರುತ್ತವೆ. ಹಾಳೆಯ ಮುಮ್ಮಡಿ ಸಮ್ಮಿತಿಯ ಲೆಕ್ಕದಂತೆ ಒಂದು ಬಗೆಯ ಸುರುಳಿ ಒಂದು ಕಣಿವೆಯಲ್ಲಿ ಮಾತ್ರ ಎಲೆಕ್ಟ್ರಾನನ್ನು ಮೇಲಕ್ಕೆತ್ತಬಲ್ಲದು, ಇನ್ನೊಂದು ಬಗೆಯದು ಇನ್ನೊಂದು ಕಣಿವೆಯಲ್ಲಿ. ಡಿ ಶಿಯಾವೊ, ವಾಂಗ್ ಯಾವೊ ಮತ್ತು ಸಂಗಡಿಗರು 2012ರಲ್ಲಿ ಈ ನಿಯಮದ ಜೊತೆಗೆ ಇನ್ನೊಂದು ಸಂಗತಿಯನ್ನೂ ಮುಂದಿಟ್ಟರು. ಭಾರವಾದ ಲೋಹದಲ್ಲಿ ಸ್ಪಿನ್–ಕಕ್ಷೆಯ ಕೊಂಡಿ ಬಲವಾಗಿರುವುದರಿಂದ ವೇಲೆನ್ಸಿ ಪಟ್ಟಿ ಎರಡಾಗಿ ಸೀಳುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡಿನಲ್ಲಿ ಈ ಸೀಳು ಸುಮಾರು 0.15 ಎಲೆಕ್ಟ್ರಾನ್ ವೋಲ್ಟ್, ಟಂಗ್‌ಸ್ಟನ್ ಸಂಯುಕ್ತಗಳಲ್ಲಿ 0.4ರ ಆಸುಪಾಸು. ಒಂದು ಕಣಿವೆಯಲ್ಲಿ ಮೇಲಿನ ಪಟ್ಟಿಯ ಸ್ಪಿನ್ ಮೇಲ್ಮುಖವಾದರೆ ಇನ್ನೊಂದರಲ್ಲಿ ಕೆಳಮುಖ. ಹೀಗಾಗಿ ರಂಧ್ರವೊಂದು ಕಣಿವೆ ದಾಟಬೇಕಾದರೆ ಭಾರೀ ಸಂವೇಗವನ್ನೂ ಬದಲಿಸಬೇಕು, ಸ್ಪಿನ್ನನ್ನೂ ತಿರುಗಿಸಬೇಕು. ಎರಡೂ ಏಕಕಾಲಕ್ಕೆ ನಡೆಯುವುದು ಕಷ್ಟ. ಕಣಿವೆಯಲ್ಲಿ ಬರೆದ ಗುರುತು ಬಹುಕಾಲ ಉಳಿಯುತ್ತದೆ ಎಂಬ ನಿರೀಕ್ಷೆ ಹುಟ್ಟಿದ್ದು ಇಲ್ಲಿ.

ಅದೇ ವರ್ಷ ಮೂರು ಕಡೆ ಪ್ರಯೋಗಗಳು ನಡೆದವು. ಸುರುಳಿ ಬೆಳಕು ಬೀರಿದಾಗ ಮಾಲಿಬ್ಡಿನಮ್ ಡೈಸಲ್ಫೈಡ್ ಮರಳಿ ಸೂಸಿದ ಬೆಳಕಿನ ಧ್ರುವೀಕರಣ ಹಾಂಗ್‌ಕಾಂಗಿನಲ್ಲಿ ಸುಮಾರು 30 ಶೇಕಡಾ, ಬೀಜಿಂಗಿನಲ್ಲಿ 50 ಶೇಕಡಾವರೆಗೆ, ಕೊಲಂಬಿಯಾದಲ್ಲಿ ಕಡುಚಳಿಯಲ್ಲಿ ಹೆಚ್ಚುಕಡಿಮೆ ಪೂರ್ಣ ಎಂದು ವರದಿಯಾಯಿತು. ಒಂದೇ ವಸ್ತುವಿಗೆ ಇಷ್ಟು ಬೇರೆ ಬೇರೆ ಅಂಕಿ ಏಕೆ ಎಂಬ ಪ್ರಶ್ನೆ ಆಗಲೇ ಎದ್ದಿತು.

ಸುರುಳಿ ಬೆಳಕು ಮತ್ತು ಬೆಂಗಳೂರು

ಬೆಳಕಿನ ಸುರುಳಿಯ ಅಧ್ಯಯನಕ್ಕೆ ಈ ನೆಲದಲ್ಲಿ ಹಳೆಯ ಬೇರುಗಳಿವೆ. ಫೋಟಾನಿಗೆ ಸ್ಪಿನ್ ಇದೆ ಎಂಬುದಕ್ಕೆ ಪ್ರಾಯೋಗಿಕ ಪುರಾವೆ ಒದಗಿಸಲು ಸಿ. ವಿ. ರಾಮನ್ ಮತ್ತು ಎಸ್. ಭಗವಂತಮ್ 1931ರಲ್ಲಿ ಚದುರಿದ ಬೆಳಕಿನ ಧ್ರುವೀಕರಣವನ್ನು ಅಳೆದಿದ್ದರು. ಅದು ಕೊಲ್ಕತ್ತದ ಕಾಲ. ಮುಂದೆ ರಾಮನ್ ಬೆಂಗಳೂರಿನಲ್ಲಿ ನೆಲೆಸಿದರು, ಭಗವಂತಮ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಇವರಿಗಿಂತಲೂ ನೇರವಾದ ನಂಟು ಶಿವರಾಮಕೃಷ್ಣನ್ ಪಂಚರತ್ನಂ ಅವರದು. 1934ರಲ್ಲಿ ಹುಟ್ಟಿದ ಪಂಚರತ್ನಂ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತರ ಹರೆಯದಲ್ಲೇ ಧ್ರುವೀಕೃತ ಬೆಳಕಿನ ಮೇಲೆ ಕೆಲಸ ಆರಂಭಿಸಿದರು. ಬೆಳಕಿನ ಪ್ರತಿಯೊಂದು ಧ್ರುವೀಕರಣ ಸ್ಥಿತಿಗೂ ಪ್ವಾಂಕರೆ ಗೋಳದ ಮೇಲೆ ಒಂದು ಬಿಂದು ಇದೆ. ಉತ್ತರ, ದಕ್ಷಿಣ ಧ್ರುವಗಳಲ್ಲಿ ಎರಡು ಸುರುಳಿಗಳು, ಸಮಭಾಜಕದ ಮೇಲೆ ರೇಖೀಯ ಬೆಳಕು. ಸ್ಥಿತಿಯು ಗೋಳದ ಮೇಲೆ ಒಂದು ಸುತ್ತು ಬಂದು ಹೊರಟಲ್ಲಿಗೇ ತಲುಪಿದರೂ ಬೆಳಕಿನ ಹಂತದಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ, ಅದು ಸುತ್ತಿದ ಕ್ಷೇತ್ರಫಲವನ್ನು ಅವಲಂಬಿಸುತ್ತದೆ ಎಂದು ಅವರು 1956ರಲ್ಲಿ ತೋರಿಸಿದರು. ಇಂಗ್ಲೆಂಡಿನ ಮೈಕೇಲ್ ಬೆರಿ 1984ರಲ್ಲಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಕಂಡ ಜ್ಯಾಮಿತೀಯ ಹಂತಕ್ಕೆ ಇದು ಮುನ್ಸೂಚನೆ ಎಂದು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬೆರಿ ಮರುವರ್ಷವೇ ಅದನ್ನು ಒಪ್ಪಿ ವಿವರವಾಗಿ ಬರೆದರು. ಪಂಚರತ್ನಂ ಆಗ ಬದುಕಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದ ಅವರು 1969ರಲ್ಲಿ, 35 ವರ್ಷ ತುಂಬಿದ ಹೊತ್ತಿಗೆ, ತೀರಿಕೊಂಡರು.

ಕಣಿವೆ ಭೌತಶಾಸ್ತ್ರಕ್ಕೂ ಇದಕ್ಕೂ ಏನು ಸಂಬಂಧ? ಎರಡು ಕಣಿವೆಗಳ ಸ್ಥಿತಿಯನ್ನು ಬರೆಯುವುದೂ ಇಂಥದೇ ಒಂದು ಗೋಳದ ಮೇಲೆ. ಕೆ ಒಂದು ಧ್ರುವ, ಕೆ-ಪ್ರೈಮ್ ಇನ್ನೊಂದು. ಬೆಳಕಿನ ಗೋಳದ ಬಿಂದು ಕಣಿವೆಯ ಗೋಳಕ್ಕೆ ಹಾಗೆಹಾಗೆಯೇ ವರ್ಗವಾಗುತ್ತದೆ. ಸುರುಳಿ ಬೆಳಕು ಬೀರಿದರೆ ಒಂದೇ ಕಣಿವೆ ತುಂಬುತ್ತದೆ. ರೇಖೀಯ ಬೆಳಕು ಬೀರಿದರೆ ಎಕ್ಸೈಟಾನ್ ಎರಡೂ ಕಣಿವೆಗಳಲ್ಲಿ ಒಟ್ಟಿಗೇ ಇರುವ ಸಂಸಕ್ತ ಸ್ಥಿತಿ ಹುಟ್ಟುತ್ತದೆ. ಅದು ಸೂಸುವ ಬೆಳಕೂ ಅದೇ ದಿಕ್ಕಿನಲ್ಲಿ ರೇಖೀಯವಾಗಿದ್ದರೆ ಸಂಸಕ್ತತೆ ಉಳಿದಿದೆ ಎಂದು ಅರ್ಥ. ಟಂಗ್‌ಸ್ಟನ್ ಡೈಸೆಲೆನೈಡಿನಲ್ಲಿ ಇದನ್ನು 2013ರಲ್ಲಿ ಮೊದಲು ಕಂಡರು. ಇನ್ನೂ ಒಂದು ನಂಟಿದೆ. ಕಣಿವೆಯ ಸುತ್ತ ಎಲೆಕ್ಟ್ರಾನಿನ ಅಲೆಯಲ್ಲಿ ಅಡಗಿರುವ, ಬೆರಿಯ ಆ ಜ್ಯಾಮಿತೀಯ ಹಂತಕ್ಕೆ ಮೂಲವಾದ ಬೆರಿ ವಕ್ರತೆ ಎರಡು ಕಣಿವೆಗಳಲ್ಲಿ ಎದುರುಬದುರು ಚಿಹ್ನೆಯದು. ವಿದ್ಯುತ್ ಹರಿಸಿದಾಗ ಒಂದು ಕಣಿವೆಯ ಎಲೆಕ್ಟ್ರಾನುಗಳು ಎಡಕ್ಕೂ ಇನ್ನೊಂದರವು ಬಲಕ್ಕೂ ವಾಲುತ್ತವೆ. ಈ ಕಣಿವೆ ಹಾಲ್ ಪರಿಣಾಮವನ್ನು ಮಾಕ್ ಮತ್ತು ಸಂಗಡಿಗರು 2014ರಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಟ್ರಾನ್ಸಿಸ್ಟರಿನಲ್ಲಿ ಅಳೆದರು.

ಅಳತೆಯ ಬಗೆ

ಹರಳಿನ ಚೂರಿಗೆ ಅಂಟುಪಟ್ಟಿ ಒತ್ತಿ, ಪಟ್ಟಿಯನ್ನು ಹಲವು ಸಲ ಮಡಿಸಿ ಬಿಡಿಸಿ, ಪದರಗಳು ತೆಳ್ಳಗಾದ ಮೇಲೆ ಅದನ್ನು ಸಿಲಿಕಾನ್ ತುಣುಕಿನ ಮೇಲೆ ಒತ್ತುತ್ತಾರೆ. ಸಿಲಿಕಾನಿನ ಮೇಲೆ ಸುಮಾರು 300 ನ್ಯಾನೋಮೀಟರ್ ಆಕ್ಸೈಡ್ ಬೆಳೆದಿರುವುದರಿಂದ ಮೂರೇ ಪರಮಾಣುಗಳ ದಪ್ಪದ ಹಾಳೆಯೂ ಸೂಕ್ಷ್ಮದರ್ಶಕದಲ್ಲಿ ತೆಳು ಬಣ್ಣದ ಮಚ್ಚೆಯಾಗಿ ಕಣ್ಣಿಗೆ ಬೀಳುತ್ತದೆ. ಅದು ನಿಜಕ್ಕೂ ಒಂದೇ ಪದರವೇ ಎಂದು ಖಾತ್ರಿಪಡಿಸುವುದು ರಾಮನ್ ರೋಹಿತ. ಮಾಲಿಬ್ಡಿನಮ್ ಡೈಸಲ್ಫೈಡಿನ ಎರಡು ಕಂಪನ ರೇಖೆಗಳ ನಡುವಿನ ಅಂತರ ದಪ್ಪ ಹರಳಿನಲ್ಲಿ ಸೆಂಟಿಮೀಟರಿಗೆ ಸುಮಾರು 25 ಅಲೆಗಳಷ್ಟಿದ್ದರೆ ಏಕಪದರದಲ್ಲಿ 18–19ಕ್ಕೆ ಇಳಿಯುತ್ತದೆ. ರಾಮನ್ ಹೆಸರಿನ ವಿಧಾನ ಇಂದು ಜಗತ್ತಿನ ಎಲ್ಲ ಪದರ ವಸ್ತು ಪ್ರಯೋಗಾಲಯಗಳಲ್ಲೂ ದಿನಬಳಕೆಯದು.

ಆಮೇಲೆ ಹಾಳೆಯನ್ನು ಕ್ರಯೋಸ್ಟಾಟಿನಲ್ಲಿಟ್ಟು ದ್ರವ ಹೀಲಿಯಮಿನ ಚಳಿಗೆ ಇಳಿಸುತ್ತಾರೆ. ಲೇಸರ್ ಕಿರಣ ಮೊದಲು ರೇಖೀಯ ಧ್ರುವಕವನ್ನೂ ಆಮೇಲೆ ಕಾಲು ಅಲೆಯ ಫಲಕವನ್ನೂ ಹಾದು ಸುರುಳಿಯಾಗಿ ಹಾಳೆಗೆ ಬೀಳುತ್ತದೆ. ಮರಳಿ ಬಂದ ಬೆಳಕು ಅದೇ ಫಲಕದ ಮೂಲಕ ಹಾದಾಗ ಎರಡು ಸುರುಳಿಗಳು ಪರಸ್ಪರ ಲಂಬವಾದ ಎರಡು ರೇಖೀಯ ಬೆಳಕುಗಳಾಗಿ ಮಾರ್ಪಡುತ್ತವೆ. ಇನ್ನೊಂದು ಧ್ರುವಕ ಅವನ್ನು ಬೇರ್ಪಡಿಸುತ್ತದೆ, ರೋಹಿತಮಾಪಕ ಎಣಿಸುತ್ತದೆ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಧ್ರುವೀಕರಣದ ಪ್ರಮಾಣ ಸಿಕ್ಕಿತು. ದಾರಿಯಲ್ಲಿರುವ ಪ್ರತಿಯೊಂದು ಕನ್ನಡಿಯೂ ಸುರುಳಿಯನ್ನು ಒಂದಿಷ್ಟು ಕೆಡಿಸುತ್ತದೆ. ಹಾಗಾಗಿ ಅಳತೆಗೆ ಮುಂಚೆ ಬರೀ ಲೇಸರನ್ನು ಪ್ರತಿಫಲಿಸಿ ಉಪಕರಣವನ್ನೇ ಪರೀಕ್ಷಿಸುವುದು ಕಡ್ಡಾಯ. ಕಾಲು ಅಲೆಯ ಫಲಕ ಒಂದು ಬಣ್ಣಕ್ಕೆ ಸರಿಯಾದರೆ ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಹಲವು ಫಲಕಗಳನ್ನು ಲೆಕ್ಕದ ಕೋನದಲ್ಲಿ ಜೋಡಿಸಿ ಹೆಚ್ಚುಕಡಿಮೆ ಎಲ್ಲ ಬಣ್ಣಗಳಿಗೂ ಹೊಂದುವ ಫಲಕ ಮಾಡುವ ವಿಧಾನವನ್ನು 1955ರಲ್ಲಿ ಕೊಟ್ಟವರೂ ಪಂಚರತ್ನಂ ಅವರೇ.

ಲೇಸರಿನ ಬಣ್ಣವೂ ಮುಖ್ಯ. 633 ನ್ಯಾನೋಮೀಟರಿನ ಹೀಲಿಯಮ್–ನಿಯಾನ್ ಲೇಸರಿನ ಶಕ್ತಿ 1.96 ಎಲೆಕ್ಟ್ರಾನ್ ವೋಲ್ಟ್, ಮಾಲಿಬ್ಡಿನಮ್ ಡೈಸಲ್ಫೈಡ್ ಎಕ್ಸೈಟಾನಿಗಿಂತ ಸ್ವಲ್ಪವೇ ಮೇಲೆ. ಇದಕ್ಕಿಂತ ಹೆಚ್ಚು ಶಕ್ತಿಯ ಹಸಿರು ಲೇಸರ್ ಬಳಸಿದರೆ ಹೆಚ್ಚುವರಿ ಶಕ್ತಿಯಿಂದ ಎಕ್ಸೈಟಾನುಗಳು ಚದುರಿ ಧ್ರುವೀಕರಣ ಕುಸಿಯುತ್ತದೆ.

ಗುರುತು ಅಳಿಯುವುದು ಹೇಗೆ

ಬಿಡಿ ರಂಧ್ರ ಕಣಿವೆ ದಾಟುವುದು ಕಷ್ಟವಾದರೂ ಎಕ್ಸೈಟಾನ್ ಸುಲಭವಾಗಿ ದಾಟುತ್ತದೆ. ಒಂದು ಕಣಿವೆಯ ಎಲೆಕ್ಟ್ರಾನ್–ರಂಧ್ರ ಜೋಡಿ ಅಳಿದು, ಅದೇ ಕ್ಷಣ ಇನ್ನೊಂದು ಕಣಿವೆಯಲ್ಲಿ ಅಂಥದೇ ಜೋಡಿ ಹುಟ್ಟಬಹುದು. ಯಾವ ಕಣವೂ ಸಂವೇಗದ ದೊಡ್ಡ ಅಂತರವನ್ನು ದಾಟಬೇಕಾಗಿಲ್ಲ, ಸ್ಪಿನ್ ತಿರುಗಿಸಬೇಕಾಗಿಲ್ಲ. ಇದನ್ನು ಎಲೆಕ್ಟ್ರಾನ್–ರಂಧ್ರ ವಿನಿಮಯ ಕ್ರಿಯೆ ಎನ್ನುತ್ತಾರೆ. ಗ್ಯಾಲಿಯಮ್ ಆರ್ಸೆನೈಡಿನ ತೆಳು ಪದರಗಳಲ್ಲಿ ಇದರ ಲೆಕ್ಕವನ್ನು 1993ರಲ್ಲಿ ಮಾಯಾಲೆ, ಸಿಲ್ವಾ ಮತ್ತು ಶಾಮ್ ಮಾಡಿದ್ದರು. ಏಕಪದರದಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರ ಇನ್ನೂ ಹತ್ತಿರವಿರುವುದರಿಂದ ಈ ಕ್ರಿಯೆ ಇನ್ನೂ ಜೋರು. ಎಕ್ಸೈಟಾನ್ ಬೆಳಗುವುದೂ, ಕಣಿವೆ ಬದಲಿಸುವುದೂ ಒಂದೇ ಬಿಗಿತದಿಂದ.

ಗೋಳದ ಮೇಲೆ ನೋಡಿದರೆ ವಿನಿಮಯ ಕ್ರಿಯೆ ಒಂದು ಕಾಂತಕ್ಷೇತ್ರದಂತೆ ವರ್ತಿಸಿ ಕಣಿವೆ ಸ್ಥಿತಿಯನ್ನು ತಿರುಗಿಸುತ್ತದೆ. ಈ ಕ್ಷೇತ್ರದ ಬಲವೂ ದಿಕ್ಕೂ ಎಕ್ಸೈಟಾನಿನ ಸಂವೇಗದ ಮೇಲೆ ನಿಂತಿವೆ. ನಿಶ್ಚಲ ಎಕ್ಸೈಟಾನಿಗೆ ಅದು ಸೊನ್ನೆ. ಬೇರೆ ಬೇರೆ ಎಕ್ಸೈಟಾನುಗಳು ಬೇರೆ ಬೇರೆ ದಿಕ್ಕಿಗೆ ತಿರುಗುವುದರಿಂದ ಒಟ್ಟು ಧ್ರುವೀಕರಣ ಕರಗುತ್ತದೆ. ಇಲ್ಲೊಂದು ಅನಿರೀಕ್ಷಿತ ಸಂಗತಿಯಿದೆ. ಎಕ್ಸೈಟಾನ್ ಪದೇ ಪದೇ ಚದುರುತ್ತಿದ್ದರೆ ಕ್ಷೇತ್ರದ ದಿಕ್ಕೂ ಪದೇ ಪದೇ ಬದಲಾಗಿ, ಯಾವ ಕಡೆಗೂ ಪೂರ್ತಿ ತಿರುಗಲು ಸಮಯ ಸಾಲುವುದಿಲ್ಲ. ಚದುರುವಿಕೆ ಒಂದು ಮಿತಿ ದಾಟಿದ ಮೇಲೆ ಗುರುತು ಹೆಚ್ಚು ಕಾಲ ಉಳಿಯುತ್ತದೆ.

ಶೇಕಡಾವಾರು ಅಂಕಿಯನ್ನು ಓದುವಾಗ ಎಚ್ಚರ ಬೇಕಾಗುವುದು ಇಲ್ಲಿಯೇ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಕಾಣುವಂಥ ಎರಡು ಕೆರೆಗಳು ಒಂದೇ ಏರಿಯ ಎರಡು ಬದಿಗಿವೆ, ಎರಡಕ್ಕೂ ಒಂದೊಂದು ತೂಬಿದೆ ಎಂದುಕೊಳ್ಳೋಣ. ಒಂದು ಕೆರೆಗೆ ಮಾತ್ರ ನೀರು ಬಿಡುತ್ತೇವೆ, ನಡುವಿನ ಏರಿ ಜಿನುಗುತ್ತಿದೆ. ನಮಗೆ ಅಳೆಯಲು ಸಿಗುವುದು ತೂಬಿನಿಂದ ಹೊರಬಂದ ನೀರು ಮಾತ್ರ. ತೂಬು ಕಿರಿದಾದರೆ ನೀರು ಬಹಳ ಹೊತ್ತು ನಿಂತು, ಜಿನುಗಿ, ಎರಡೂ ಕೆರೆಗಳ ಮಟ್ಟ ಸಮವಾಗುತ್ತದೆ. ತೂಬನ್ನು ಪೂರ್ತಿ ತೆರೆದರೆ ಜಿನುಗುವ ಮುಂಚೆಯೇ ನೀರು ಮೊದಲ ತೂಬಿನಿಂದ ಹೊರಟುಹೋಗುತ್ತದೆ. ತೂಬಿನ ಹರಿವು ಎಕ್ಸೈಟಾನಿನ ಆಯುಸ್ಸನ್ನೂ ಏರಿಯ ಜಿನುಗು ಕಣಿವೆ ಬದಲಾವಣೆಯನ್ನೂ ಸೂಚಿಸುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ, ಆಯುಸ್ಸನ್ನು ಗುರುತು ಅಳಿಯುವ ಕಾಲದಿಂದ ಭಾಗಿಸಿ, ಅದಕ್ಕೆ ಒಂದು ಕೂಡಿಸಿ, ಬಂದ ಸಂಖ್ಯೆಯಿಂದ ಆರಂಭದ ಧ್ರುವೀಕರಣವನ್ನು ಭಾಗಿಸಬೇಕು. ಎರಡೂ ಕಾಲಗಳು ಒಂದು ಪಿಕೋಸೆಕೆಂಡ್ ಆಗಿದ್ದರೆ ಧ್ರುವೀಕರಣ 50 ಶೇಕಡಾ. ಆಯುಸ್ಸು ಮಾತ್ರ ಹತ್ತನೇ ಒಂದಕ್ಕೆ ಇಳಿದರೆ 91 ಶೇಕಡಾ. ಅಳಿಯುವ ವೇಗ ಎರಡರಲ್ಲೂ ಒಂದೇ. ಆದ್ದರಿಂದ ಧ್ರುವೀಕರಣದ ದೊಡ್ಡ ಅಂಕಿಯೊಂದನ್ನೇ ನೋಡಿ ಕಣಿವೆಯ ನೆನಪು ಗಟ್ಟಿ ಎಂದುಬಿಡುವಂತಿಲ್ಲ. ಆಯುಸ್ಸನ್ನೂ ಜೊತೆಗೆ ಹೇಳದ ಪ್ರಬಂಧ ಅರ್ಧವನ್ನಷ್ಟೇ ಹೇಳಿದಂತೆ. 2012ರ ಮೂರು ಅಂಕಿಗಳು ಅಷ್ಟು ದೂರ ದೂರ ನಿಂತದ್ದರಲ್ಲಿ ಮಾದರಿಯ ಗುಣ, ಚಳಿ, ಲೇಸರಿನ ಬಣ್ಣಗಳ ಜೊತೆಗೆ ಈ ಎರಡು ಕಾಲಗಳ ಪೈಪೋಟಿಯೂ ಇತ್ತು.

ಗ್ರಾಫೀನಿನ ನಡುವೆ: 2023ರ ಪ್ರಯೋಗ

ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಮಜುಮ್ದಾರ್ ಅವರ ತಂಡ ಇದೇ ಪೈಪೋಟಿಯನ್ನು ಬಿಡಿಸಿ ನೋಡುವ ಪ್ರಯೋಗ ಮಾಡಿತು. ಗರಿಮಾ ಗುಪ್ತಾ ಮೊದಲ ಲೇಖಕಿಯಾಗಿ 2023ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಏಕಪದರವನ್ನು ಮೇಲೂ ಕೆಳಗೂ ಗ್ರಾಫೀನಿನಿಂದ ಮುಚ್ಚಿ, ರೇಖೀಯ ಬೆಳಕು ಬೀರಿ, ಮರಳಿ ಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ 100 ಶೇಕಡಾ ರೇಖೀಯ ಧ್ರುವೀಕರಣವನ್ನು ಕಂಡರು. ಧ್ರುವೀಕರಣಕ್ಕಿಂತ ನಾಜೂಕಾದ ಕಣಿವೆ ಸಂಸಕ್ತತೆಯೇ ಪೂರ್ತಿ ಉಳಿದಿತ್ತು ಎಂದಾಯಿತು. ಸಾಮಾನ್ಯವಾಗಿ ಅದು ಒಂದು ಪಿಕೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕೆಟ್ಟುಹೋಗುತ್ತದೆ.

ಗ್ರಾಫೀನ್ ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತದೆ. ಅದರ ಚಲಿಸುವ ಎಲೆಕ್ಟ್ರಾನುಗಳು ಎಕ್ಸೈಟಾನಿನೊಳಗಿನ ಸೆಳೆತವನ್ನು ಮಂಕಾಗಿಸುತ್ತವೆ, ಸೆಳೆತದ ಜೊತೆಗೆ ವಿನಿಮಯ ಕ್ರಿಯೆಯೂ ಕುಗ್ಗುತ್ತದೆ. ಏರಿಯ ಜಿನುಗನ್ನು ಕಟ್ಟಿದಂತಾಯಿತು. ಇನ್ನೊಂದು ಕಡೆ ಎಕ್ಸೈಟಾನ್ ಬಹುಬೇಗ ಗ್ರಾಫೀನಿಗೆ ದಾಟಿಹೋಗುವುದರಿಂದ ಆಯುಸ್ಸೂ ಕಡಿಮೆಯಾಗುತ್ತದೆ, ತೂಬು ತೆರೆದಂತಾಯಿತು. ಇವೆರಡರ ಜೊತೆಗೆ ಈ ಜೋಡಣೆ ಚದುರುವಿಕೆಯೇ ಗುರುತನ್ನು ಕಾಯುವ ಮಿತಿಯೊಳಗೆ ಕೆಲಸ ಮಾಡುತ್ತದೆ. ಯಾವುದರ ಪಾಲು ಎಷ್ಟು ಎಂದು ತಿಳಿಯಲು ತಂಡ ನಾಲ್ಕು ಬೇರೆ ಬೇರೆ ಜೋಡಣೆಗಳನ್ನು ಕಟ್ಟಿ, ಮಂಕಾಗಿಸುವಿಕೆಯನ್ನೂ ಆಯುಸ್ಸನ್ನೂ ಕ್ರಮವಾಗಿ ಬದಲಿಸಿ ಅಳೆಯಿತು. ನೂರು ಎಂಬ ಅಂಕಿಗಿಂತ ಈ ವಿಂಗಡಣೆಯೇ ಪ್ರಬಂಧದ ಹೆಚ್ಚುಗಾರಿಕೆ. ಬೆಲೆಯನ್ನೂ ತೆರಬೇಕಾಯಿತು: ಬಹುಪಾಲು ಎಕ್ಸೈಟಾನುಗಳು ಬೆಳಕಾಗುವ ಮುಂಚೆಯೇ ಗ್ರಾಫೀನಿಗೆ ಸೇರುವುದರಿಂದ ಹೊಳಪು ತಗ್ಗುತ್ತದೆ. ಇಂಥ ಜೋಡಣೆಗಳಲ್ಲಿ ಬಳಸುವ ಬೋರಾನ್ ನೈಟ್ರೈಡ್ ಹರಳುಗಳು ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳಿಗೆ ಬರುವುದು ಜಪಾನಿನ ತ್ಸುಕುಬಾದ ತಾನಿಗುಚಿ ಮತ್ತು ವಾಟನಾಬೆ ಅವರಿಂದ. ಬೆಂಗಳೂರಿನ ಈ ಪ್ರಬಂಧಕ್ಕೂ ಅವರಿಬ್ಬರು ಸಹಲೇಖಕರು.

ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗಕ್ಕೆ ಮುಂದೆ ಬಂದ ಅಕ್ಷಯ್ ಸಿಂಗ್ ಅಮೆರಿಕದ ಆಸ್ಟಿನ್‌ನಲ್ಲಿದ್ದಾಗ 2016ರಲ್ಲಿ ಟಂಗ್‌ಸ್ಟನ್ ಡೈಸೆಲೆನೈಡಿನ ಟ್ರಯಾನುಗಳನ್ನು ಅಭ್ಯಸಿಸಿದ್ದರು. ಒಂದೇ ಕಣಿವೆಯೊಳಗಿನ ಟ್ರಯಾನುಗಳಲ್ಲಿ ಧ್ರುವೀಕರಣ 25 ಪಿಕೋಸೆಕೆಂಡಿಗೂ ಮೀರಿ ಉಳಿಯುತ್ತದೆಂದು ಆ ಕೆಲಸ ತೋರಿಸಿತು.

ಹಾಳೆ ತಯಾರಿಕೆ: ಜಕ್ಕೂರಿನಿಂದ ಮುದ್ದೇನಹಳ್ಳಿಗೆ

ಕಣಿವೆ ಧ್ರುವೀಕರಣ ಸುದ್ದಿಯಾಗುವ ಮುಂಚೆಯೇ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಡೈಸಲ್ಫೈಡುಗಳ ಗ್ರಾಫೀನ್ ಸದೃಶ ಹಾಳೆಗಳನ್ನು ರಾಸಾಯನಿಕ ವಿಧಾನಗಳಿಂದ ತಯಾರಿಸಿ 2010ರಲ್ಲಿ ಪ್ರಕಟಿಸಿದ್ದರು. ಅದೇ ಕೇಂದ್ರದ ಉಮೇಶ್ ವಾಘ್ಮಾರೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಸೂದ್ ಅವರ ತಂಡಗಳು 2012ರಲ್ಲಿ ಏಕಪದರ ಟ್ರಾನ್ಸಿಸ್ಟರಿಗೆ ಎಲೆಕ್ಟ್ರಾನುಗಳನ್ನು ತುಂಬಿದಾಗ ಎರಡು ರಾಮನ್ ರೇಖೆಗಳಲ್ಲಿ ಒಂದು ಮಾತ್ರ ಸರಿಯುವುದನ್ನು ಕಂಡು, ಅದರ ಕಾರಣವನ್ನು ಸಮ್ಮಿತಿಯಿಂದ ವಿವರಿಸಿದವು.

ಜಕ್ಕೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ನಂದಿ ಬೆಟ್ಟದ ಸೆರಗಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿದೆ, ಅದರಲ್ಲಿ ನ್ಯಾನೋ ತಂತ್ರಜ್ಞಾನ ವಿಭಾಗವಿದೆ. ಅತಿಕ್ರಾಂತಿ ಸ್ಥಿತಿಯ ದ್ರವದಿಂದ ಗ್ರಾಫೈಟನ್ನು ಗ್ರಾಫೀನ್ ಹಾಳೆಗಳಾಗಿ ಬಿಡಿಸುವ ವಿಧಾನವನ್ನು ಜಪಾನಿನಲ್ಲಿದ್ದಾಗ 2010ರಲ್ಲಿ ಪ್ರಕಟಿಸಿದ ದಿನೇಶ್ ರಂಗಪ್ಪ ಮುಂದೆ ಈ ವಿಭಾಗಕ್ಕೆ ಬಂದರು. ಒತ್ತಡದಲ್ಲಿ ಕಾಯಿಸಿದ ದ್ರವ ಅನಿಲದಂತೆ ಪದರಗಳ ನಡುವೆ ನುಗ್ಗಿ, ದ್ರವದಂತೆ ಅವನ್ನು ತೇಲಿಸಿಡುತ್ತದೆ. ಪದರ ವಸ್ತುಗಳನ್ನು ಗ್ರಾಮುಗಟ್ಟಲೆ ಬಿಡಿಸಲು ಇಂಥ ದಾರಿಗಳೇ ಬೇಕು. ಬ್ಯಾಟರಿ, ವೇಗವರ್ಧಕ, ಸಂವೇದಕಗಳಿಗೆ ಅಂಟುಪಟ್ಟಿಯಿಂದ ಪೂರೈಸಲಾಗದು.

ಕಣಿವೆಯ ಪ್ರಯೋಗಕ್ಕೆ ಬೇಕಾದ ಗುಣ ಬೇರೆ. ದ್ರವದಲ್ಲಿ ಬಿಡಿಸಿದ ಚೂರುಗಳು ಸಣ್ಣವು, ದಪ್ಪದಲ್ಲಿ ಒಂದೇ ಸಮ ಇರುವುದಿಲ್ಲ; ಎರಡು ಪದರ ಸೇರಿದಲ್ಲಿ ಸಮ್ಮಿತಿ ಮರಳಿ ಬರುತ್ತದೆ. ಲಿಥಿಯಮ್ ತುಂಬಿ ಬಿಡಿಸಿದರೆ ಏಕಪದರಗಳು ಹೇರಳವಾಗಿ ಸಿಗುತ್ತವೆ. ಆದರೆ ಲಿಥಿಯಮ್ ಕೊಡುವ ಎಲೆಕ್ಟ್ರಾನುಗಳಿಂದ ಪರಮಾಣುಗಳ ಜೋಡಣೆಯೇ ಬದಲಾಗಿ ಹಾಳೆ ಲೋಹದಂತಾಗುತ್ತದೆ. ಪಟ್ಟಿ ಅಂತರವಿಲ್ಲದ ಮೇಲೆ ಎಕ್ಸೈಟಾನೂ ಇಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಯಿಸಿದರೆ ಅರೆವಾಹಕ ರೂಪ ಮರಳುತ್ತದೆ, ದೋಷಗಳು ಉಳಿಯುತ್ತವೆ. ರಸಾಯನಶಾಸ್ತ್ರದ ಹೇರಳತೆಯನ್ನೂ ಅಂಟುಪಟ್ಟಿಯ ಶುದ್ಧತೆಯನ್ನೂ ಒಟ್ಟಿಗೆ ತರುವುದು ಈ ಕ್ಷೇತ್ರದ ಅತಿ ಅಗತ್ಯವಾದ ಕೆಲಸವೆಂದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಭೌತಶಾಸ್ತ್ರಜ್ಞರಷ್ಟೇ ವಸ್ತು ತಯಾರಿಸುವವರೂ ಬೇಕು.

ಕಾಂತಕ್ಷೇತ್ರ, ಜೋಡಿ ಹಾಳೆಗಳು

ಎರಡು ಕಣಿವೆಗಳ ಶಕ್ತಿಯನ್ನು ಕಾಂತಕ್ಷೇತ್ರದಿಂದ ಬೇರ್ಪಡಿಸಬಹುದಾದರೂ ಫಲ ಸಣ್ಣದು: ಒಂದು ಟೆಸ್ಲಾಗೆ 0.23 ಮಿಲಿ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಕಾಂತೀಯ ಹರಳಿನ ಮೇಲೆ ಹಾಳೆಯನ್ನು ಕೂರಿಸುವುದು ಹೆಚ್ಚು ಫಲಕಾರಿ. ಕ್ರೋಮಿಯಮ್ ಟ್ರೈಅಯೋಡೈಡಿನ ಮೇಲೆ ಟಂಗ್‌ಸ್ಟನ್ ಡೈಸೆಲೆನೈಡ್ ಇಟ್ಟಾಗ ಸುಮಾರು 13 ಟೆಸ್ಲಾ ಕ್ಷೇತ್ರಕ್ಕೆ ಸಮನಾದ ಪರಿಣಾಮವನ್ನು 2017ರಲ್ಲಿ ಕಂಡರು.

ಎರಡು ಬೇರೆ ಸಂಯುಕ್ತಗಳ ಹಾಳೆಗಳನ್ನು ಜೋಡಿಸಿದರೆ ಎಲೆಕ್ಟ್ರಾನ್ ಒಂದರಲ್ಲೂ ರಂಧ್ರ ಇನ್ನೊಂದರಲ್ಲೂ ನೆಲೆಸುತ್ತವೆ. ದೂರವಾದ್ದರಿಂದ ವಿನಿಮಯ ಕ್ರಿಯೆ ಕುಗ್ಗುತ್ತದೆ, ಆಯುಸ್ಸು ನ್ಯಾನೋಸೆಕೆಂಡುಗಳಿಗೆ ಏರುತ್ತದೆ. ಟಂಗ್‌ಸ್ಟನ್ ಡೈಸೆಲೆನೈಡ್–ಮಾಲಿಬ್ಡಿನಮ್ ಡೈಸಲ್ಫೈಡ್ ಜೋಡಿಯಲ್ಲಿ ಬಿಡಿ ರಂಧ್ರಗಳ ಕಣಿವೆ ಗುರುತು ಸುಮಾರು 40 ಮೈಕ್ರೋಸೆಕೆಂಡ್ ಉಳಿದದ್ದು 2017ರಲ್ಲಿ ವರದಿಯಾಯಿತು. ಗುರುತು ಬಹುಕಾಲ ಉಳಿಯುತ್ತದೆಂಬ 2012ರ ನಿರೀಕ್ಷೆ ನಿಜವಾದದ್ದು ಎಕ್ಸೈಟಾನನ್ನು ಬಿಡಿಸಿ ಎಲೆಕ್ಟ್ರಾನನ್ನೂ ರಂಧ್ರವನ್ನೂ ದೂರವಿಟ್ಟ ಮೇಲೆ. ಹಾಳೆಗಳನ್ನು ಸ್ವಲ್ಪ ತಿರುಚಿ ಇಟ್ಟಾಗ ಮೂಡುವ ಮ್ವಾರೆ ವಿನ್ಯಾಸದಲ್ಲಿ ಎಕ್ಸೈಟಾನುಗಳು ಸಾಲಾಗಿ ಸಿಕ್ಕಿಕೊಳ್ಳುವುದನ್ನು 2019ರಲ್ಲಿ ನಾಲ್ಕು ತಂಡಗಳು ಒಟ್ಟಿಗೇ ಪ್ರಕಟಿಸಿದವು. ಈಗ ಹೆಚ್ಚಿನವರ ಗಮನ ಅತ್ತ ಹರಿದಿದೆ.

ಬಳಕೆಯ ದಾರಿಯಲ್ಲಿ

ಸೊನ್ನೆ ಮತ್ತು ಒಂದನ್ನು ವಿದ್ಯುದಾವೇಶದ ಬದಲು ಕಣಿವೆಯಲ್ಲಿ ಬರೆಯುವ ಸಾಧನಗಳ ಮಾತು ಮೊದಲಿನಿಂದಲೂ ಇದೆ. ಇಂದಿನ ಗಣಕಗಳ ಸ್ಮೃತಿಯ ಜಾಗಕ್ಕೆ ಅವು ಬರುತ್ತವೆ ಎನ್ನಲು ಈವರೆಗಿನ ಪ್ರಯೋಗಗಳು ಸಾಲವು; ಹೆಚ್ಚಿನ ಫಲಿತಾಂಶಗಳು ಕಡುಚಳಿಯಲ್ಲಿ ಬಂದವು. ಬೆಳಕಿನ ಸುರುಳಿಯನ್ನು ವಿದ್ಯುತ್ತಾಗಿಯೂ, ವಿದ್ಯುತ್ತನ್ನು ಸುರುಳಿ ಬೆಳಕಾಗಿಯೂ ಮಾರ್ಪಡಿಸುವ ಸಾಧನಗಳು ಹತ್ತಿರದ ಗುರಿ. ಅವುಗಳಿಗೆ ಗುರುತು ಕೆಲವು ಪಿಕೋಸೆಕೆಂಡ್ ಉಳಿದರೂ ಸಾಕಾಗಬಹುದು.

ಅಂಥ ಸಾಧನಕ್ಕೆ ಬೇಕಾದ ದೊಡ್ಡ ಹಾಳೆಗಳನ್ನು ಆವಿಯಿಂದ ಬೆಳೆಸುತ್ತಾರೆ. ಹರಳುಗಳು ಮೊದಲು ಬಿಡಿ ತ್ರಿಕೋನಗಳಾಗಿ ಮೂಡಿ, ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವು ತ್ರಿಕೋನಗಳು ಇನ್ನು ಕೆಲವಕ್ಕೆ 60 ಡಿಗ್ರಿ ತಿರುಗಿ ಕೂತಿರುತ್ತವೆ. ತಿರುಗಿ ಕೂತ ತ್ರಿಕೋನದಲ್ಲಿ ಕೆ ಇದ್ದಲ್ಲಿ ಕೆ-ಪ್ರೈಮ್ ಬಂದಿರುತ್ತದೆ. ಸುರುಳಿ ಬೆಳಕಿನ ಅಳತೆಗೆ ಈ ಅದಲುಬದಲು ಗೊತ್ತೇ ಆಗುವುದಿಲ್ಲ, ಏಕೆಂದರೆ ಬಲಸುರುಳಿ ಬೀರಿದರೆ ಎರಡೂ ತ್ರಿಕೋನಗಳು ಬಲಸುರುಳಿಯನ್ನೇ ಮರಳಿಸುತ್ತವೆ. ಒಂದು ತ್ರಿಕೋನದಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಹರಿಯಬೇಕಾದಾಗ ಮಾತ್ರ ತೊಡಕು ಬಯಲಾಗುತ್ತದೆ: ಗಡಿಯ ಆಚೆ ಕಣಿವೆ ಹಾಲ್ ಪರಿಣಾಮದ ದಿಕ್ಕೇ ತಿರುವುಮುರುವು. ನೀಲಮಣಿಯ ತಳದಲ್ಲಿ ಪರಮಾಣು ಮೆಟ್ಟಿಲುಗಳನ್ನು ಬೇಕಾದ ದಿಕ್ಕಿಗೆ ಕತ್ತರಿಸಿಕೊಂಡು, ಎಲ್ಲ ತ್ರಿಕೋನಗಳೂ ಒಂದೇ ಮುಖಕ್ಕೆ ಕೂರುವಂತೆ ಮಾಡಿ, ಎರಡು ಅಂಗುಲ ಅಗಲದ ಮಾಲಿಬ್ಡಿನಮ್ ಡೈಸಲ್ಫೈಡ್ ಏಕಹರಳನ್ನು ಚೀನಾದ ನಾಂಜಿಂಗ್ ತಂಡ 2021ರಲ್ಲಿ ಬೆಳೆಸಿ ತೋರಿಸಿತು.